ಅಕ್ಟೋಬರಿನಿಂದ ಹಿಂದಕ್ಕೆ ಎಣಿಸಿ: ಪುಣೆಯಿಂದ ಜರ್ಮನಿಗೆ ಓದಲು ಹೋಗುವ ಬಗೆ

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಪುಣೆಯಲ್ಲಿ ಬಿ.ಇ. ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಅಲ್ಲಿಗೆ ಮಾಸ್ಟರ್ಸ್ ಮಾಡಲು ಹೊರಟಾಗ ಮೊದಲು ಕೇಳುವ ಪ್ರಶ್ನೆ ‘ಯಾವ ಯೂನಿವರ್ಸಿಟಿ ಒಳ್ಳೆಯದು?’ ಎಂಬುದು. ಅದಕ್ಕಿಂತ ಮೊದಲು ಕ್ಯಾಲೆಂಡರ್ ಬಿಚ್ಚಬೇಕು. ಅಕ್ಟೋಬರಿನಲ್ಲಿ ತರಗತಿಯಲ್ಲಿ ಕೂರಬೇಕಾದರೆ ಸೆಪ್ಟೆಂಬರಿನಲ್ಲಿ ವಿಮಾನ ಹತ್ತಬೇಕು. ಅದಕ್ಕೆ ವೀಸಾ ಅರ್ಜಿ ಬೇಸಿಗೆಯಲ್ಲೇ ಹೋಗಿರಬೇಕು. ವೀಸಾಕ್ಕೆ ಪ್ರವೇಶಪತ್ರ ಬೇಕು, ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಜೀವನಕ್ಕೆ ಹಣ ಬೇಕು. ಪ್ರವೇಶಪತ್ರಕ್ಕೆ ಅಂಕಪಟ್ಟಿಗಳನ್ನು ಪರಿಶೀಲಿಸುವ ಎಪಿಎಸ್ ಕಚೇರಿಯ ಪ್ರಮಾಣಪತ್ರ ಬೇಕು, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬೇಕು. ಎಪಿಎಸ್‌ಗೆ ಹತ್ತನೇ ತರಗತಿಯಿಂದ ಹಿಡಿದು ಈವರೆಗಿನ ಎಲ್ಲ ಅಂಕಪಟ್ಟಿಗಳೂ ಒಂದೇ ಹೆಸರಿನಲ್ಲಿ ಇರಬೇಕು. ಹೀಗೆ ಹಿಂದೆ ಹಿಂದೆ ಸರಿಯುತ್ತ ಹೋದರೆ ಕೆಲಸ ಶುರುವಾಗಬೇಕಾದ ಹೊತ್ತು ಟಿ.ಇ., ಅಂದರೆ ಮೂರನೇ ವರ್ಷದ ಕೊನೆ. ಅಂಕ ಕಡಿಮೆಯಾಗಿ ವರ್ಷ ಕಳೆದುಕೊಂಡವರಿಗಿಂತ ಈ ಸರದಿ ತಪ್ಪಿ ವರ್ಷ ಕಳೆದುಕೊಂಡವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಪುಣೆಗೂ ಜರ್ಮನಿಗೂ ನಂಟು ಹಳೆಯದು. ಬೋಟ್ ಕ್ಲಬ್ ರಸ್ತೆಯ ಮ್ಯಾಕ್ಸ್‌ಮುಲ್ಲರ್ ಭವನ, ಫರ್ಗ್ಯೂಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನ ವಿದೇಶಿ ಭಾಷಾ ವಿಭಾಗ ಎರಡರಲ್ಲೂ ತಲೆಮಾರುಗಳಿಂದ ಜರ್ಮನ್ ಕಲಿಸುತ್ತಿದ್ದಾರೆ. ಇಲ್ಲಿನ ಜೂನಿಯರ್ ಕಾಲೇಜುಗಳಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗೆ ಜರ್ಮನ್ ತೆಗೆದುಕೊಳ್ಳುವ ಮಕ್ಕಳು ಬಹಳ. ಚಾಕಣದಲ್ಲಿ ಮರ್ಸಿಡಿಸ್ ಬೆಂಜ್, ಫೋಕ್ಸ್‌ವ್ಯಾಗನ್ ಕಾರ್ಖಾನೆಗಳಿವೆ. ಹೀಗಾಗಿ ಬೆಳಗಾವಿ, ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಪುಣೆಗೆ ಓದಲು ಬಂದವರಿಗೆ ಜರ್ಮನಿ ಕಣ್ಣಿಗೆ ಬೀಳುವುದು ಸಹಜ. 2023–24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49 ಸಾವಿರಕ್ಕೂ ಹೆಚ್ಚು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ನಮ್ಮವರೇ ಅತಿ ದೊಡ್ಡ ಗುಂಪು.

ಹೆಸರಿನ ತೊಡಕು

ಮೊದಲು ಹೆಸರಿನ ವಿಚಾರ. ಇದನ್ನು ಯಾವ ಏಜೆಂಟನೂ ಮೊದಲ ದಿನ ಹೇಳುವುದಿಲ್ಲ, ಆದರೆ ಪುಣೆಯಲ್ಲಿ ಓದುವ ಕನ್ನಡದ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಇದೇ.

ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು ಬರುತ್ತದೆ. ತಾಯಿಯ ಹೆಸರು ಬೇರೆಯಾಗಿ ಅಚ್ಚಾಗಿರುತ್ತದೆ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮಾಡಿಬಂದವರ ಅಂಕಪಟ್ಟಿಯಲ್ಲಿ ಇನಿಶಿಯಲ್ ಇರಬಹುದು, ಅಡ್ಡಹೆಸರೇ ಇಲ್ಲದಿರಬಹುದು. ಹಳೇ ಮೈಸೂರಿನ ಕಡೆಯವರಿಗೆ ಊರಿನ ಹೆಸರಿನ ಅಕ್ಷರ, ತಂದೆಯ ಹೆಸರಿನ ಅಕ್ಷರ, ಆಮೇಲೆ ತಮ್ಮ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಶಿಯಲ್ಲನ್ನು ಬಿಡಿಸಿ ಬರೆದಿರುತ್ತಾರೆ, ಅಥವಾ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾರೆ. ಹೀಗೆ ಒಬ್ಬಳೇ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಒಂದು ಹೆಸರು, ಪುಣೆ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಹೆಸರು ಹೊತ್ತಿರುತ್ತಾಳೆ. ನಮ್ಮೂರಲ್ಲಿ ಇದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಕಾಗದವನ್ನೇ ನಂಬುವ ಜರ್ಮನ್ ಕಚೇರಿಗೆ ಅವು ಮೂರು ಹೆಸರುಗಳು.

ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ತೊಂದರೆ ವೀಸಾದೊಂದಿಗೆ ಮುಗಿಯುವುದಿಲ್ಲ. ವಿಶ್ವವಿದ್ಯಾಲಯದ ಗುರುತಿನ ಚೀಟಿ, ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ವಾಸದ ಪರವಾನಗಿ ಎಲ್ಲದರಲ್ಲೂ ಆ ಖಾಲಿ ಜಾಗವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ತುಂಬುತ್ತಾರೆ. ಆದ್ದರಿಂದ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು, ಸ್ವಂತ ಹೆಸರು ಎರಡೂ ತುಂಬಿರಲಿ. ಮೂರನೇ ವರ್ಷದಲ್ಲೇ ಎಲ್ಲ ಅಂಕಪಟ್ಟಿಗಳನ್ನು ಮೇಜಿನ ಮೇಲೆ ಹರಡಿ ಹೆಸರು, ಕಾಗುಣಿತ, ಹುಟ್ಟಿದ ದಿನಾಂಕ ಹೋಲಿಸಿ ನೋಡಿ. ಅಕ್ಷರವೊಂದು ತಪ್ಪಿದ್ದರೆ ಆಯಾ ಬೋರ್ಡು, ವಿಶ್ವವಿದ್ಯಾಲಯದಲ್ಲಿ ತಿದ್ದಿಸಿ. ತಿದ್ದಿಸಲಾಗದ ಕಡೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಪ್ರವೇಶಪತ್ರ ಕೈಗೆ ಬಂದಮೇಲೆ ಇದಕ್ಕೆ ಸಮಯವಿರುವುದಿಲ್ಲ.

ಅಂಕ, ಕ್ರೆಡಿಟ್, ಎಪಿಎಸ್

ಎಪಿಎಸ್ ಎಂಬುದು ದೆಹಲಿಯಲ್ಲಿರುವ ಜರ್ಮನ್ ಕಚೇರಿ. ನಿಮ್ಮ ಅಂಕಪಟ್ಟಿಗಳು ಅಸಲಿಯೇ, ಆ ಓದು ಜರ್ಮನಿಯಲ್ಲಿ ಪ್ರವೇಶಕ್ಕೆ ಸಾಕೇ ಎಂದು ನೋಡಿ ಪ್ರಮಾಣಪತ್ರ ಕೊಡುತ್ತದೆ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ಶುಲ್ಕ 18,000 ರೂಪಾಯಿ. ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು, ಆದರೆ ಎಷ್ಟು ಸೆಮಿಸ್ಟರುಗಳ ಅಂಕಪಟ್ಟಿ ಕೈಯಲ್ಲಿರಬೇಕು ಎಂಬ ಷರತ್ತು ಇದೆ. ಅದನ್ನು ಅವರ ಜಾಲತಾಣದಲ್ಲೇ ಓದಿಕೊಳ್ಳಿ, ಸೀನಿಯರ್ ಹೇಳಿದ್ದನ್ನು ನಂಬಬೇಡಿ. ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಪ್ರಮಾಣಪತ್ರ ಬರಲು ಕೆಲವು ವಾರ, ಜನಸಂದಣಿಯ ಹೊತ್ತಿನಲ್ಲಿ ತಿಂಗಳುಗಳೇ ಬೇಕು.

ಅಂಕದ ಲೆಕ್ಕ ಅಲ್ಲಿ ತಲೆಕೆಳಗು. 1.0 ಎಂದರೆ ಅತ್ಯುತ್ತಮ, 4.0 ಎಂದರೆ ಬರೀ ಪಾಸು. ನಮ್ಮ ಸಿಜಿಪಿಎಯನ್ನು ಅದಕ್ಕೆ ಹೊಂದಿಸಲು ಬವೇರಿಯನ್ ಸೂತ್ರ ಎಂಬುದನ್ನು ಬಳಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠ ಅಂಕದಿಂದ ಪಾಸಾಗಲು ಬೇಕಾದ ಕನಿಷ್ಠ ಅಂಕ ಕಳೆಯಿರಿ. ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹತ್ತಕ್ಕೆ 8.2 ಪಡೆದವಳ ಕನಿಷ್ಠ ಪಾಸು 4 ಎಂದಾದರೆ ಆಕೆಯ ಜರ್ಮನ್ ಅಂಕ 1.9. ಅದೇ ಕನಿಷ್ಠ 5 ಎಂದು ಹಿಡಿದರೆ 2.08. ‘2.0ಕ್ಕಿಂತ ಒಳ್ಳೆಯ ಅಂಕ ಬೇಕು’ ಎನ್ನುವ ಕೋರ್ಸಿಗೆ ಮೊದಲನೆಯ ಲೆಕ್ಕದಲ್ಲಿ ಆಕೆ ಒಳಗೆ, ಎರಡನೆಯದರಲ್ಲಿ ಹೊರಗೆ. ಓದಿದ್ದು ಒಂದೇ, ಪಡೆದ ಅಂಕವೂ ಒಂದೇ. ಆದ್ದರಿಂದ ಕನಿಷ್ಠ ಪಾಸು ಗ್ರೇಡ್ ಎಷ್ಟು ಎಂಬುದು ಟ್ರಾನ್ಸ್‌ಕ್ರಿಪ್ಟಿನ ಹಿಂಬದಿಯಲ್ಲೋ ವಿಶ್ವವಿದ್ಯಾಲಯದ ಪತ್ರದಲ್ಲೋ ಸ್ಪಷ್ಟವಾಗಿ ಅಚ್ಚಾಗಿರುವಂತೆ ನೋಡಿಕೊಳ್ಳಿ.

ಅಂಕಕ್ಕಿಂತಲೂ ಹೆಚ್ಚು ಅರ್ಜಿಗಳು ಬಿದ್ದುಹೋಗುವುದು ಕ್ರೆಡಿಟ್‌ನಲ್ಲಿ. ಯುರೋಪಿನ ಪದ್ಧತಿಯಲ್ಲಿ ಒಂದು ವರ್ಷದ ಓದಿಗೆ 60 ಕ್ರೆಡಿಟ್; ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಗಳ ದುಡಿಮೆ, ತರಗತಿ ಮತ್ತು ಮನೆ ಓದು ಎರಡೂ ಸೇರಿ. ಮಾಸ್ಟರ್ಸ್ ಕೋರ್ಸಿನ ನಿಯಮಾವಳಿಯಲ್ಲಿ ಗಣಿತದಲ್ಲಿ ಇಷ್ಟು, ಮೆಕ್ಯಾನಿಕ್ಸಿನಲ್ಲಿ ಇಷ್ಟು, ಪ್ರೋಗ್ರಾಮಿಂಗಿನಲ್ಲಿ ಇಷ್ಟು ಕ್ರೆಡಿಟ್ ಇರಲೇಬೇಕು ಎಂದು ಬರೆದಿರುತ್ತದೆ. ನೀವು ಅಷ್ಟು ಓದಿದ್ದೀರಿ ಎಂದು ತೋರಿಸುವ ಹೊಣೆ ನಿಮ್ಮದು. ಅದಕ್ಕೆ ಸಿಲಬಸ್ ಬೇಕು. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಎಂಜಿನಿಯರಿಂಗಿನಲ್ಲಿ 2015ರ ಪ್ಯಾಟರ್ನ್, 2019ರ ಪ್ಯಾಟರ್ನ್ ಎಂದು ಸಿಲಬಸ್ ಆಗಾಗ ಬದಲಾಗುತ್ತದೆ. ನೀವು ಓದಿದ ಪ್ಯಾಟರ್ನಿನ ಪೂರ್ತಿ ಸಿಲಬಸ್ಸನ್ನು, ಮೊದಲ ವರ್ಷದಿಂದ ಕೊನೆಯವರೆಗೆ, ಈಗಲೇ ಇಳಿಸಿಟ್ಟುಕೊಳ್ಳಿ. ಪ್ರತಿ ವಿಷಯದಲ್ಲಿ ಏನು ಓದಿದಿರಿ, ವಾರಕ್ಕೆ ಎಷ್ಟು ಗಂಟೆ, ಪ್ರಾಕ್ಟಿಕಲ್ ಎಷ್ಟು, ಯಾವ ಪುಸ್ತಕ ಎಂದು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿ. ಈ ಕೆಲಸ ಬೇಸರದ್ದು. ಆದರೆ ಇದನ್ನು ಏಜೆಂಟನ ಕೈಗೆ ಬಿಟ್ಟರೆ ಆತ ಎಲ್ಲರಿಗೂ ಒಂದೇ ಪಟ್ಟಿ ಅಂಟಿಸಿ ಕಳಿಸುತ್ತಾನೆ. ನೀವೇ ಮಾಡಿದರೆ ನಿಮ್ಮ ಓದು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದು ನಿಮಗೇ ತಿಳಿಯುತ್ತದೆ. ಮುಂದೆ ಅಲ್ಲಿ ಪಾಠ ಕೇಳುವಾಗ ಈ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ.

ಕೋರ್ಸ್ ಹುಡುಕಲು ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಾಡ್‌ನ ದತ್ತಾಂಶವಿದೆ, ಅದು ಉಚಿತ. ಜರ್ಮನ್ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕೆಲವು ನೇರವಾಗಿ ಅರ್ಜಿ ತೆಗೆದುಕೊಳ್ಳುತ್ತವೆ, ಹಲವು ಬರ್ಲಿನ್ನಿನ ಯೂನಿ ಅಸಿಸ್ಟ್ ಮೂಲಕ. ಯೂನಿ ಅಸಿಸ್ಟಿನಲ್ಲಿ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ಪ್ರತಿ ಮುಂದಿನ ಅರ್ಜಿಗೆ 30 ಯೂರೋ. ಚಳಿಗಾಲದ ಸೆಮಿಸ್ಟರಿಗೆ ಜುಲೈ 15, ಬೇಸಿಗೆಯದಕ್ಕೆ ಜನವರಿ 15 ಎಂಬುದು ಸಾಮಾನ್ಯ ಗಡುವು. ಆದರೆ ಹೆಸರುವಾಸಿ ಕೋರ್ಸುಗಳು ವಿದೇಶಿಯರಿಗೆ ತಿಂಗಳುಗಳ ಮೊದಲೇ ಬಾಗಿಲು ಹಾಕುತ್ತವೆ. ಜುಲೈ 15ನ್ನೇ ನೆಚ್ಚಿ ಕೂತರೆ ಪ್ರವೇಶ ಸಿಕ್ಕರೂ ವೀಸಾಕ್ಕೆ ಹೊತ್ತು ಉಳಿಯುವುದಿಲ್ಲ.

ಇಲ್ಲೊಂದು ಇಕ್ಕಟ್ಟಿದೆ. ಪುಣೆಯಲ್ಲಿ ಬಿ.ಇ. ಕೊನೆಯ ಪರೀಕ್ಷೆ ಮೇ–ಜೂನ್ ಹೊತ್ತಿಗೆ, ಫಲಿತಾಂಶ ಅದಾದ ಮೇಲೆ. ಕೆಲವು ವಿಶ್ವವಿದ್ಯಾಲಯಗಳು ಏಳು ಸೆಮಿಸ್ಟರಿನ ಅಂಕ ನೋಡಿ ಷರತ್ತಿನ ಪ್ರವೇಶ ಕೊಡುತ್ತವೆ, ಕೊನೆಯ ಅಂಕಪಟ್ಟಿಯನ್ನು ನೋಂದಣಿಯ ಹೊತ್ತಿಗೆ ತೋರಿಸಿದರೆ ಸಾಕು ಎನ್ನುತ್ತವೆ. ಕೆಲವು ಒಪ್ಪುವುದೇ ಇಲ್ಲ. ಏಟಿಕೆಟಿ, ಅಂದರೆ ಪಾಸಾಗದ ವಿಷಯ, ಉಳಿಸಿಕೊಂಡವರಿಗೆ ಆ ವರ್ಷದ ಅಕ್ಟೋಬರ್ ಬಹುತೇಕ ಕೈತಪ್ಪಿದಂತೆಯೇ. ನನ್ನ ಮಾತು ಕೇಳುವುದಾದರೆ, ಬಿ.ಇ. ಮುಗಿದ ಮೇಲೆ ಒಂದು ವರ್ಷ ಕೆಲಸ ಮಾಡಿ, ಜರ್ಮನ್ ಭಾಷೆಯನ್ನು ಬಿ1 ಮಟ್ಟಕ್ಕೆ ತಂದುಕೊಂಡು ಹೋಗುವುದೇ ಲೇಸು. ಮನೆಯವರು ಅದನ್ನು ‘ಗ್ಯಾಪ್’ ಎಂದು ಹೆದರುತ್ತಾರೆ. ಆ ವರ್ಷ ಕೆಲಸದಲ್ಲಿ ಮತ್ತು ಭಾಷೆಯಲ್ಲಿ ಕಳೆದಿದ್ದರೆ ಯಾರೂ ಅದನ್ನು ಕುಂದು ಎನ್ನುವುದಿಲ್ಲ.

ಭಾಷೆಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಪಾಠ ಇಂಗ್ಲಿಷಿನಲ್ಲಿರುವ ಕೋರ್ಸಿಗೆ ಐಇಎಲ್‌ಟಿಎಸ್‌ನಲ್ಲಿ 6.5ರಷ್ಟು ಅಂಕವಿದ್ದರೆ ಹಲವು ಕಡೆ ಪ್ರವೇಶ ಸಿಗುತ್ತದೆ, ಜರ್ಮನ್ ಕೇಳುವುದಿಲ್ಲ. ಆದರೆ ಮನೆ ಬಾಡಿಗೆಯ ಕರಾರು, ವಿಮೆಯ ಪತ್ರ, ವೈದ್ಯರ ಬಳಿ ಮಾತು, ಇಂಟರ್ನ್‌ಶಿಪ್ಪಿನ ಸಂದರ್ಶನ ಬಹುಪಾಲು ಜರ್ಮನ್‌ನಲ್ಲೇ. ಪುಣೆಯಲ್ಲಿದ್ದುಕೊಂಡು ಜರ್ಮನ್ ಕಲಿಯದೆ ಹೋಗುವುದು ಬಹಳ ದೊಡ್ಡ ನಷ್ಟ. ಈ ಅನುಕೂಲ ದೇಶದ ಹೆಚ್ಚಿನ ಊರುಗಳಲ್ಲಿ ಇಲ್ಲ.

ದುಡ್ಡು

ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1928ರಲ್ಲಿ ಪುಣೆಯಿಂದ ಬರ್ಲಿನ್ನಿಗೆ ಸಂಶೋಧನೆಗೆ ಹೋದಾಗ ಮಾವ ಮಹರ್ಷಿ ಕರ್ವೆಯವರಿಗೆ ಅದು ಒಪ್ಪಿಗೆಯಿರಲಿಲ್ಲ. ಗಂಡ ದಿನಕರ ಕರ್ವೆ ಜರ್ಮನಿಯಲ್ಲಿ ಓದಿ ಬಂದವರಾದ್ದರಿಂದ ಬೆಂಬಲಕ್ಕೆ ನಿಂತರು. ಹಣ ಬಂದದ್ದು ಕಾಂಗ್ರೆಸ್ ಮುಖಂಡ ಜೀವರಾಜ ಮೆಹ್ತಾ ಅವರು ಕೊಟ್ಟ ಸಾಲದಿಂದ. ಅಲ್ಲಿ ಆಕೆಗೆ ಸಿಕ್ಕ ಕೆಲಸ ಮನುಷ್ಯರ ತಲೆಬುರುಡೆಗಳನ್ನು ಅಳೆದು ಜನಾಂಗಗಳ ನಡುವೆ ವ್ಯತ್ಯಾಸವಿದೆಯೇ ಎಂದು ನೋಡುವುದು. ತನ್ನ ಗುರು ಬಯಸಿದ ಉತ್ತರ ಅಳತೆಯಲ್ಲಿ ಸಿಗದಾಗ ಇಲ್ಲ ಎಂದೇ ಬರೆದು 1930ರಲ್ಲಿ ಪಿಎಚ್‌.ಡಿ. ಪಡೆದು ಬಂದರು. ನಮ್ಮ ವಿ.ಕೃ. ಗೋಕಾಕರು ಫರ್ಗ್ಯೂಸನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಓದಿ ಬಂದು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು. ಅಂದು ಹಿಂದೆ ಒಂದು ಸಂಸ್ಥೆಯೋ ಹಿತೈಷಿಯೋ ಇರುತ್ತಿದ್ದರು. ಇಂದು ಆ ಭಾರ ಬಹುಪಾಲು ಅಪ್ಪ ಅಮ್ಮನ ಮೇಲೆ, ಅವರ ಮನೆಯ ಕಾಗದದ ಮೇಲೆ ಬಿದ್ದಿದೆ. ಹೀಗಾಗಿ ಲೆಕ್ಕ ಸರಿಯಾಗಿ ತಿಳಿದಿರಬೇಕು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರಿಗೆ ನೂರರಿಂದ ನಾಲ್ಕುನೂರು ಯೂರೋ ವಂತಿಗೆ ಕಟ್ಟಬೇಕು, ಹಲವೆಡೆ ಅದರಲ್ಲೇ ರೈಲು, ಬಸ್ಸಿನ ಪಾಸು ಸೇರಿರುತ್ತದೆ. ಇದಕ್ಕೆ ಅಪವಾದಗಳಿವೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್ ಇರುವ ಬಾಡೆನ್–ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕೊಡಬೇಕು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಹೊಸದಾಗಿ ಸೇರುವ ವಿದೇಶಿಯರಿಗೆ ಕೋರ್ಸಿಗೆ ತಕ್ಕಂತೆ ಸೆಮಿಸ್ಟರಿಗೆ 2,000ದಿಂದ 6,000 ಯೂರೋವರೆಗೆ ಶುಲ್ಕ ಹಾಕಿದೆ. ‘ಜರ್ಮನಿಯಲ್ಲಿ ಎಲ್ಲ ಪುಕ್ಕಟೆ’ ಎಂದು ಕೇಳಿ ಹೊರಟವರು ಈ ಸಾಲುಗಳನ್ನು ಓದಿರುವುದಿಲ್ಲ.

ದೊಡ್ಡ ಮೊತ್ತ ಬ್ಲಾಕ್ಡ್ ಅಕೌಂಟಿನದು. ಒಂದು ವರ್ಷದ ಜೀವನಕ್ಕೆ ಸಾಕಾಗುವ ಹಣವನ್ನು ಮೊದಲೇ ಜರ್ಮನ್ ಖಾತೆಯೊಂದರಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಮೊತ್ತ 11,904 ಯೂರೋ. ಅಲ್ಲಿಗೆ ಹೋದಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುಗಡೆಯಾಗುತ್ತದೆ. ಯೂರೋಗೆ ನೂರು ರೂಪಾಯಿಯ ಆಚೀಚೆ ಹಿಡಿದರೆ ಹನ್ನೆರಡು ಲಕ್ಷ. ಈ ಮೊತ್ತವನ್ನು ಆಗಾಗ ಏರಿಸುತ್ತಾರೆ, ಅರ್ಜಿಯ ವರ್ಷದ ಅಂಕಿಯನ್ನು ಕಾನ್ಸುಲೇಟಿನ ಜಾಲತಾಣದಲ್ಲಿ ನೋಡಿಯೇ ಕಟ್ಟಿ. ಇದು ಖರ್ಚಾಗಿ ಹೋಗುವ ಶುಲ್ಕವಲ್ಲ, ನಿಮ್ಮದೇ ಊಟ, ಬಾಡಿಗೆಯ ಹಣ ಎಂಬುದನ್ನು ಮನೆಯಲ್ಲಿ ಬಿಡಿಸಿ ಹೇಳಿ. ಆದರೆ ಅದು ಮೊದಲ ವರ್ಷಕ್ಕೆ ಮಾತ್ರ. ಮಾಸ್ಟರ್ಸ್ ಎರಡು ವರ್ಷದ್ದು, ಹಲವರಿಗೆ ಎರಡೂವರೆ ವರ್ಷ ಹಿಡಿಯುತ್ತದೆ.

992 ಯೂರೋ ಹೇಗೆ ಕರಗುತ್ತದೆ ನೋಡಿ. ವಿದ್ಯಾರ್ಥಿ ನಿಲಯದ ಕೊಠಡಿ ಸಿಕ್ಕರೆ 250ರಿಂದ 400, ಸಿಗದೆ ಹೊರಗೆ ಹಿಡಿದರೆ ಅದಕ್ಕಿಂತ ಬಹಳ ಹೆಚ್ಚು. ಮ್ಯೂನಿಕ್ಕಿನಂಥ ಊರಲ್ಲಿ ಇನ್ನೂ ದುಬಾರಿ. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗೆ ಕಡ್ಡಾಯ ಆರೋಗ್ಯ ವಿಮೆ ತಿಂಗಳಿಗೆ 140 ಯೂರೋದ ಆಸುಪಾಸು. ಮನೆಗೊಂದರಂತೆ ಆಕಾಶವಾಣಿ, ಟಿ.ವಿ. ಶುಲ್ಕ 18.36 ಯೂರೋ, ಟಿ.ವಿ. ಇಲ್ಲದಿದ್ದರೂ ಕಟ್ಟಬೇಕು. ಒಂದೇ ಮನೆಯಲ್ಲಿ ನಾಲ್ವರಿದ್ದರೆ ಒಬ್ಬರು ಕಟ್ಟಿ ಹಂಚಿಕೊಳ್ಳಬಹುದು. ಬಾಡಿಗೆ ಮನೆಗೆ ಮೂರು ತಿಂಗಳ ಬಾಡಿಗೆಯವರೆಗೂ ಡಿಪಾಜಿಟ್ ಕೇಳುತ್ತಾರೆ. ಅದು ಬ್ಲಾಕ್ಡ್ ಅಕೌಂಟಿನಿಂದ ಒಮ್ಮೆಗೇ ಬರುವುದಿಲ್ಲ. ಆದ್ದರಿಂದ ಇಳಿದ ಮೊದಲ ತಿಂಗಳಿಗೆಂದು ಕೈಯಲ್ಲಿ ಬೇರೆ ಹಣ ಇರಲೇಬೇಕು.

ಬ್ಯಾಂಕ್ ಸಾಲ ತೆಗೆಯುವವರಿಗೆ: ಸರ್ಕಾರಿ ಬ್ಯಾಂಕುಗಳು ಏಳೂವರೆ ಲಕ್ಷದ ಮೇಲಿನ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ವಿದೇಶದ ಓದಿಗೆ ಒಟ್ಟು ಖರ್ಚಿನ ಶೇಕಡ 15ರಷ್ಟನ್ನು ಮನೆಯವರೇ ಹಾಕಬೇಕಾಗುತ್ತದೆ. ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ನಂತರ, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ಜಮೀನು ಊರಿನಲ್ಲಿ, ಬ್ಯಾಂಕ್ ಶಾಖೆ ಪುಣೆಯಲ್ಲಿ ಎಂದಾದರೆ ಉತಾರ, ಖಾತೆ ಕಾಗದ, ವಕೀಲರ ವರದಿಗಳ ಓಡಾಟವೇ ಎರಡು ತಿಂಗಳು. ಆಸ್ತಿ ಇರುವ ಊರಿನ ಶಾಖೆಯಲ್ಲೇ ಅರ್ಜಿ ಹಾಕಿದರೆ ಓಡಾಟ ಕಡಿಮೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಈ ಸಾಲದ ಬಡ್ಡಿಯನ್ನು 80ಇ ಕಲಮಿನಡಿ ಎಂಟು ವರ್ಷಗಳವರೆಗೆ ಆದಾಯದಿಂದ ಕಳೆದುಕೊಳ್ಳಬಹುದು. ಸಾಲದ ಹಣವನ್ನು ಹೊರಗೆ ಕಳಿಸುವಾಗ ಮೂಲದಲ್ಲಿ ಹಿಡಿಯುತ್ತಿದ್ದ ತೆರಿಗೆ 2025ರ ಏಪ್ರಿಲಿನಿಂದ ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ ಹತ್ತು ಲಕ್ಷ ದಾಟಿದ ಭಾಗಕ್ಕೆ ಹಿಡಿಯುತ್ತಾರೆ, ರಿಟರ್ನ್ ಸಲ್ಲಿಸಿ ಅದನ್ನು ಹೊಂದಿಸಿಕೊಳ್ಳಬಹುದು.

ವಿದ್ಯಾರ್ಥಿವೇತನದ ವಿಷಯದಲ್ಲಿ ಗಡಿಯ ಮಕ್ಕಳು ದಾರಿ ತಪ್ಪುವುದುಂಟು. ಪುಣೆಯಲ್ಲಿ ಓದಿದ ಮಾತ್ರಕ್ಕೆ ಮಹಾರಾಷ್ಟ್ರದ ರಾಜರ್ಷಿ ಶಾಹು ವಿದೇಶಿ ವಿದ್ಯಾರ್ಥಿವೇತನ ಸಿಗುವುದಿಲ್ಲ. ಅದು ಆ ರಾಜ್ಯದ ಡೊಮಿಸೈಲ್ ಇರುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ. ಕರ್ನಾಟಕದ ಪರಿಶಿಷ್ಟ ಜಾತಿ, ಪಂಗಡದವರು ತಮ್ಮ ರಾಜ್ಯದ ‘ಪ್ರಬುದ್ಧ’ ಯೋಜನೆಯನ್ನು ನೋಡಬೇಕು, ಅಲ್ಪಸಂಖ್ಯಾತರು ತಮಗಿರುವ ಸಾಲ ಯೋಜನೆಯನ್ನು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಎರಡೂ ರಾಜ್ಯಗಳ ಪರಿಶಿಷ್ಟ ಜಾತಿ, ಪಂಗಡದವರು ಅರ್ಜಿ ಹಾಕಬಹುದು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕನ್ನಡದ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡಿದರೂ ಕಾಗದದ ಪ್ರಕಾರ ಮಹಾರಾಷ್ಟ್ರದವರು, ಅವರಿಗೆ ಇಲ್ಲಿಯದೇ ಯೋಜನೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಯಾವ ರಾಜ್ಯದ ತಹಶೀಲ್ದಾರರಿಂದ ತರಬೇಕು ಎಂಬುದೂ ಇದರ ಮೇಲೆಯೇ.

ವೀಸಾ ಮತ್ತು ಏಜೆಂಟರು

ಮಹಾರಾಷ್ಟ್ರದಲ್ಲಿ ವಾಸವಿರುವವರಿಗೆ ಮುಂಬಯಿಯ ಜರ್ಮನ್ ಕಾನ್ಸುಲೇಟ್, ಕರ್ನಾಟಕದವರಿಗೆ ಬೆಂಗಳೂರಿನದು. ಪಾಸ್‌ಪೋರ್ಟಿನಲ್ಲಿ ಕಲಬುರಗಿಯ ವಿಳಾಸ, ವಾಸ ಪುಣೆಯ ಕೊಥರೂಡಿನಲ್ಲಿ ಎಂದಾದರೆ ಮುಂಬಯಿಗೆ ಅರ್ಜಿ ಹಾಕಲು ಪುಣೆಯ ವಾಸಕ್ಕೆ ಪುರಾವೆ ಬೇಕು: ಕಾಲೇಜಿನ ಬೋನಫೈಡ್, ನೋಂದಾಯಿತ ಬಾಡಿಗೆ ಕರಾರು, ಕಂಪನಿಯ ಪತ್ರ. ಓದು ಮುಗಿಸಿ ಊರಿಗೆ ಹಿಂತಿರುಗಿದ್ದರೆ ಬೆಂಗಳೂರೇ ಸರಿ. ಈಗ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕುವ ವ್ಯವಸ್ಥೆಯಿದೆ. ಕಾಗದ ಪೂರ್ಣವಾಗಿದೆ ಎಂದ ಮೇಲೆ ಬೆರಳಚ್ಚು ಕೊಡಲು ಕರೆಯುತ್ತಾರೆ. ಶುಲ್ಕ 75 ಯೂರೋ. ಮೊದಲೆಲ್ಲ ವೀಸಾ ನಿರಾಕರಿಸಿದರೆ ಮರುಪರಿಶೀಲನೆಗೆ ಪತ್ರ ಬರೆಯುವ ಅವಕಾಶವಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಉಳಿದಿರುವುದು ಹೊಸ ಅರ್ಜಿ ಅಥವಾ ಬರ್ಲಿನ್ನಿನ ನ್ಯಾಯಾಲಯ. ಆದ್ದರಿಂದ ಮೊದಲ ಅರ್ಜಿಯಲ್ಲೇ ಎಲ್ಲವೂ ಚೊಕ್ಕವಾಗಿರಬೇಕು. ಈ ಕೋರ್ಸ್ ಏಕೆ, ಹಿಂದಿನ ಓದಿಗೆ ಇದು ಹೇಗೆ ಹೊಂದುತ್ತದೆ ಎಂಬ ಪತ್ರವನ್ನು ನೀವೇ ನಿಮ್ಮ ಮಾತಿನಲ್ಲಿ ಬರೆಯಬೇಕು.

ಪುಣೆಯ ಎಫ್‌ಸಿ ರಸ್ತೆ, ಜೆಎಂ ರಸ್ತೆಗಳಲ್ಲಿ ಸಲಹಾ ಕಚೇರಿಗಳಿಗೆ ಬರವಿಲ್ಲ. ಒಂದು ಮಾತು ತಿಳಿದಿರಲಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ. ಶುಲ್ಕ ವಸೂಲಿ ಮಾಡುವ ಖಾಸಗಿ ಸಂಸ್ಥೆಗಳಿಂದ ಕಮಿಷನ್ ಬರುವುದುಂಟು. ‘ನಿನ್ನ ಅಂಕಕ್ಕೆ ಸರ್ಕಾರಿಯಲ್ಲಿ ಸಿಗಲ್ಲ, ಇಲ್ಲಿ ಗ್ಯಾರಂಟಿ’ ಎಂದು ಖಾಸಗಿ ಸಂಸ್ಥೆಯ ಕಡೆ ತಳ್ಳುವವರ ಮಾತಿನ ಹಿಂದೆ ಏನಿದೆ ಎಂದು ಯೋಚಿಸಿ. ಅರ್ಧ ಪಾಠ ಆನ್‌ಲೈನಿನಲ್ಲಿ ನಡೆಯುವ ಕೋರ್ಸಿಗೆ ವೀಸಾ ಸಿಗುವುದು ಕಷ್ಟ ಎಂಬುದನ್ನೂ ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಅಲ್ಲಿ ಇಳಿದ ಮೇಲೆ

ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಮಾಲೀಕರ ದೃಢೀಕರಣ ಪತ್ರ ಬೇಕು. ವಾಸದ ಪರವಾನಗಿಗೂ ಬ್ಯಾಂಕಿನ ಕೆಲಸಕ್ಕೂ ಈ ನೋಂದಣಿಯೇ ಬುನಾದಿ. ಹೀಗಾಗಿ ಕೊಠಡಿ ಇಲ್ಲದೆ ಹೋಗುವುದು ಬಹಳ ತ್ರಾಸದ ಸಂಗತಿ. ಪ್ರವೇಶಪತ್ರ ಬಂದ ದಿನವೇ, ಸಾಧ್ಯವಾದ ಕಡೆ ಅದಕ್ಕೂ ಮೊದಲೇ, ವಿದ್ಯಾರ್ಥಿ ನಿಲಯದ ಸರದಿಯಲ್ಲಿ ಹೆಸರು ಬರೆಸಿ. ಮನೆ ನೋಡದೆ, ಕರಾರಿಗೆ ಸಹಿ ಹಾಕದೆ ಯಾರಿಗೂ ಮುಂಗಡ ಕಳಿಸಬೇಡಿ. ಕೀಲಿಕೈ ಅಂಚೆಯಲ್ಲಿ ಕಳಿಸುತ್ತೇನೆ ಎನ್ನುವವರು ಮೋಸಗಾರರು. ಮ್ಯೂನಿಕ್ಕಿನ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟಿನ ಕಡೆಯ ರೈನ್ ಮೈನ್ ಕನ್ನಡ ಸಂಘ ಮುಂತಾದವುಗಳ ಬಳಗದಲ್ಲಿ ವಿಚಾರಿಸಿದರೆ ಮೊದಲ ವಾರಗಳಿಗೆ ತಂಗಲು ಜಾಗದ ಸುಳಿವು ಸಿಗಬಹುದು.

ತರಗತಿಯ ರೀತಿ ಪುಣೆಯದಕ್ಕಿಂತ ಪೂರ್ತಿ ಬೇರೆ. ಹಾಜರಿ ಹಿಡಿಯುವುದು ಕಡಿಮೆ, ಶೇಕಡ 75ರ ಭಯ ಇಲ್ಲ. ಉಪನ್ಯಾಸ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆಯ ಬದಲು ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದು ಬರೆದು ಪಕ್ಕದಲ್ಲಿ ‘ಸಿ.ಟಿ.’ ಎಂದಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. ಉಪನ್ಯಾಸಕ್ಕೆ ಜೊತೆಯಾಗಿ ಲೆಕ್ಕ ಬಿಡಿಸುವ ತರಗತಿ ಇರುತ್ತದೆ. ಅದನ್ನು ತಪ್ಪಿಸಬಾರದು, ಪರೀಕ್ಷೆಯ ಜೀವ ಅಲ್ಲೇ ಇದೆ. ಇಲ್ಲಿ 30 ಅಂಕ ಇನ್‌ಸೆಮ್‌ನಲ್ಲಿ ಸಂಪಾದಿಸಿ 70ಕ್ಕೆ ಎಂಡ್‌ಸೆಮ್ ಬರೆದು ರೂಢಿಯಾದವರಿಗೆ, ಅಲ್ಲಿ ಹಲವು ವಿಷಯಗಳಲ್ಲಿ ಕೊನೆಯ ಒಂದೇ ಪರೀಕ್ಷೆಯಲ್ಲಿ ಎಲ್ಲವೂ ತೀರ್ಮಾನವಾಗುವುದು ದೊಡ್ಡ ಆಘಾತ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ತಿರುವಿ, ರಾತ್ರಿ ಕೂತು ಓದಿ ಪಾಸಾಗುವ ಜಾಣ್ಮೆ ಅಲ್ಲಿ ನಡೆಯದು.

ದುಡಿಮೆಗೆ ಮಿತಿಯಿದೆ. 2024ರ ಮಾರ್ಚಿನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ವಿಶ್ವವಿದ್ಯಾಲಯದೊಳಗಿನ ಸಹಾಯಕರ ಕೆಲಸ ಸಿಕ್ಕರೆ ಅದು ಎಲ್ಲಕ್ಕಿಂತ ಉತ್ತಮ, ಆ ದಿನಗಳು ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಗೋದಾಮಿನಲ್ಲಿ ರಾತ್ರಿಪಾಳಿ ಮಾಡಿ ಹಗಲು ತರಗತಿಯಲ್ಲಿ ನಿದ್ದೆ ಹೋಗುವವರನ್ನು ನೋಡಿದರೆ ಸಂಕಟವಾಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಕೆಲಸಕ್ಕೆ ಕೈಹಾಕಬೇಡಿ. ಬ್ಲಾಕ್ಡ್ ಅಕೌಂಟಿನ ಹಣ ಇರುವುದೇ ಅದಕ್ಕೆ.

ಪರೀಕ್ಷೆಯ ಒಂದು ನಿಯಮವನ್ನು ಅಪ್ಪ ಅಮ್ಮಂದಿರೂ ತಿಳಿದಿರಬೇಕು. ಅಲ್ಲಿ ಪರೀಕ್ಷೆಗೆ ವಿದ್ಯಾರ್ಥಿಯೇ ಗಡುವಿನೊಳಗೆ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು, ಮರೆತರೆ ಕೂರಿಸುವುದಿಲ್ಲ. ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯ ಸಲವೂ ಫೇಲಾದರೆ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ, ಅದೇ ವಿಷಯವನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಓದಲು ಸಾಮಾನ್ಯವಾಗಿ ಬಿಡುವುದಿಲ್ಲ, ವಾಸದ ಪರವಾನಗಿಯೂ ಅಲುಗಾಡುತ್ತದೆ. ಪುಣೆಯ ಏಟಿಕೆಟಿಯಂತೆ ಮತ್ತೆ ಮತ್ತೆ ಬರೆಯುತ್ತ ಹೋಗುವ ಹಾಗಿಲ್ಲ. ತಯಾರಿ ಸಾಲದು ಅನ್ನಿಸಿದರೆ ಗಡುವಿನೊಳಗೆ ಹೆಸರು ಹಿಂತೆಗೆದುಕೊಳ್ಳಬಹುದು, ಆಗ ಅವಕಾಶವೊಂದು ವ್ಯರ್ಥವಾಗುವುದಿಲ್ಲ. ಆರೂ ವಿಷಯಕ್ಕೆ ಹೆಸರು ಕೊಟ್ಟು ಮೂರರಲ್ಲಿ ಬೀಳುವುದಕ್ಕಿಂತ ನಾಲ್ಕನ್ನು ಚೆನ್ನಾಗಿ ಬರೆಯುವುದು ಮೇಲು.

ಮೊದಲ ಸೆಮಿಸ್ಟರಿನಲ್ಲಿ ಒಂದೆರಡು ವಿಷಯ ಹೋಗುವುದು ಅಲ್ಲಿನ ಮಕ್ಕಳಿಗೂ ಇದ್ದದ್ದೇ. ನಮ್ಮ ಮಕ್ಕಳು ಅದನ್ನು ಮನೆಗೆ ಹೇಳುವುದಿಲ್ಲ. ಹನ್ನೆರಡು ಲಕ್ಷದ ಸಾಲ, ಊರೆಲ್ಲ ಹೇಳಿಕೊಂಡು ಬಂದ ಹೆಮ್ಮೆ, ಎರಡೂ ಬಾಯಿ ಕಟ್ಟುತ್ತವೆ. ಎರಡನೆಯ ಅವಕಾಶವೂ ಹೋದಮೇಲೆ ವಿಷಯ ತಿಳಿದರೆ ಮಾಡಬಹುದಾದ್ದು ಬಹಳ ಕಡಿಮೆ. ಮೊದಲ ಸಲವೇ ತಿಳಿದರೆ ದಾರಿಗಳಿವೆ: ಪ್ರತಿ ವಿಭಾಗದಲ್ಲೂ ಓದಿನ ಸಲಹೆಗಾರರು ಇರುತ್ತಾರೆ, ಅವರ ಸೇವೆ ಉಚಿತ, ವಿದ್ಯಾರ್ಥಿ ಸೇವಾ ಸಂಸ್ಥೆಗಳಲ್ಲಿ ಆಪ್ತಸಮಾಲೋಚಕರೂ ಇರುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡುವವರು ಸಿಗುತ್ತಾರೆ. ಸೆಮಿಸ್ಟರ್ ಮಧ್ಯದಲ್ಲಿ ಮಗಳಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಎಂದು ಕೇಳಿದ ಮೇಲೆ ‘ಯಾವ ಯಾವ ಪರೀಕ್ಷೆಗೆ ಹೆಸರು ಕೊಟ್ಟಿದ್ದೀಯವ್ವಾ, ಯಾವುದು ಕಷ್ಟ ಅನಸ್ತದ?’ ಎಂದೂ ಕೇಳಿ. ಕಷ್ಟ ಎಂದು ಆಕೆ ಹೇಳಿದರೆ ಬೈಯಬೇಡಿ. ಹಿಂತೆಗೆದುಕೊಳ್ಳುವ ಗಡುವು ಯಾವತ್ತು ಎಂದು ವಿಚಾರಿಸಿ.